ಕುಮಾರರಾಮನ ಆಟದೊಳಗ ಪ್ರೀತಿ ಮಾಡಿದವರು ಎಷ್ಟು ಮಂದಿ?

ಹೋದ ಬೇಸಿಗೆ ರಜೆಯಲ್ಲಿ ಕುಷ್ಟಗಿ ತಾಲ್ಲೂಕಿನ ನಮ್ಮ ಅವ್ವನ ತವರೂರಿಗೆ ಹೋಗಿದ್ದೆ. ಅವತ್ತು ರಾತ್ರಿ ಊರಾಗ ಕುಮಾರರಾಮನ ದೊಡ್ಡಾಟ ಇತ್ತು. ಆಡೋರೆಲ್ಲ ಊರಿನವರೇ. ಹಗಲೆಲ್ಲ ಟ್ರ್ಯಾಕ್ಟರ್ ಹೊಡೆಯೋ ನಮ್ಮ ಸೋದರಮಾವ ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕಂಪಿಲರಾಯ ಆಗಿ ನಿಂತಿದ್ದ. ಹತ್ತಕ್ಕೆ ಅಂತ ಹೇಳಿದ ಆಟ ಹನ್ನೊಂದೂವರೆಗೆ ಶುರುವಾಯ್ತು. ರತ್ನಾಜಿ ಪಾತ್ರ ಅಟ್ಟದ ಮೇಲೆ ಬಂದಾಗ ಹುಡುಗರು ಸೀಟಿ ಹೊಡೆದರು. ಅವಳ ಮಾತು ನಂಬಿ ರಾಜ ಮಗನ ತಲೆ ತೆಗೀರಿ ಅಂತ ಅಪ್ಪಣೆ ಕೊಟ್ಟಾಗ ಎಲ್ಲರೂ ಗಪ್ಪಾದರು. ನನ್ನ ಪಕ್ಕದಲ್ಲಿದ್ದ ತಮ್ಮ ಮೆಲ್ಲಗೆ ಹೇಳಿದ: "ನೋಡಣ್ಣಾ, ಹೆಣ್ಮಕ್ಕಳನ್ನ ನಂಬಬಾರದು ಅನ್ನೋದು ಇದಕ್ಕ."

ಅವನ ಆ ಕಡೆ ಕುಂತಿದ್ದ ಮುತ್ಯಾ ಅಟ್ಟದ ಕಡೆಗಿನ ಕಣ್ಣು ತೆಗೀದೇ ಅಂದ: "ಅಕೀ ಮಾತು ಬಿಡೋ ತಮ್ಮಾ. ಅರಸ ಮಗನ್ನ ಕರೆದು ಒಂದು ಮಾತು ಕೇಳಿದ್ನೇನು?"

ನನಗೆ ಆಟದ ಯುದ್ಧಗಿದ್ಧ ಎಲ್ಲ ಅರ್ಧ ನಿದ್ದೆಯಲ್ಲಿ ಕಳೆದು ಹೋಯ್ತು. ಮುತ್ಯಾನ ಈ ಮಾತು ಮಾತ್ರ ಹಾಸ್ಟೆಲ್‌ವರೆಗೆ ಜೊತೆಗೇ ಬಂತು. ಅದನ್ನು ಹಿಡಿದುಕೊಂಡೇ ಇದನ್ನು ಬರೀತಿದ್ದೀನಿ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಗಂಗಾವತಿ, ಕೊಪ್ಪಳದ ನಡುವೆ ಜಬ್ಬಲಗುಡ್ಡ, ಇಂದರಗಿ ಬದಿಯ ಗುಡ್ಡಗಳೊಳಗೆ ಕುಮ್ಮಟದುರ್ಗ ಅಂತ ಒಂದು ಹಾಳು ಕೋಟೆ ಇದೆ. ಹದಿನಾಲ್ಕನೇ ಶತಮಾನದ ಶುರುವಿನಲ್ಲಿ ಅಲ್ಲಿ ಕಂಪಿಲರಾಯ ಆಳ್ತಿದ್ದ. ಅವನ ಮಗ ಕುಮಾರರಾಮ. ಗೆಳೆಯರ ಜೊತೆ ಚೆಂಡಾಡುವಾಗ ಚೆಂಡು ಹೋಗಿ ಕಿರಿಯ ರಾಣಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತೆ. ತರೋದಕ್ಕೆ ಹೋದ ರಾಮನನ್ನು ಮಲತಾಯಿ ರತ್ನಾಜಿ ಬಯಸ್ತಾಳೆ. ಅವನು ಒಲ್ಲೆ ಅಂತಾನೆ. ಅವಳು ಗಂಡನ ಮುಂದೆ ಉಲ್ಟಾ ಹೇಳ್ತಾಳೆ. ರಾಜ ಮಗನಿಗೆ ಮರಣದಂಡನೆ ಕೊಡ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಗುಟ್ಟಾಗಿ ನೆಲಮನೆಯಲ್ಲಿ ಬಚ್ಚಿಟ್ಟು, ಬೇರೆ ತಲೆ ತೋರಿಸಿ ರಾಜನನ್ನು ನಂಬಿಸ್ತಾನೆ. ಮುಂದೆ ದಿಲ್ಲಿಯ ದಂಡು ಬಂದಾಗ ರಾಮ ಹೊರಗೆ ಬಂದು ಕಾದಾಡ್ತಾನೆ, ಕೊನೆಗೆ ರಣದಲ್ಲೇ ಸಾಯ್ತಾನೆ. ಹದಿನಾರನೇ ಶತಮಾನದಲ್ಲಿ ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಬರೆದ. ನಮ್ಮ ಕಡೆ ದೊಡ್ಡಾಟದ ಮಾಸ್ತರರು ಇದನ್ನು ಇವತ್ತಿಗೂ ಕಲಿಸ್ತಾರೆ. ಮಲೆನಾಡಿನ ಕೆಲವು ಊರುಗಳಲ್ಲಿ ಕುಮಾರರಾಮನ ಮರದ ತಲೆಗೆ ಪೂಜೆ ನಡೆಯುತ್ತೆ.

ಸಾಮಾನ್ಯವಾಗಿ ಈ ಕಥೆ ಹೇಳಿ ಮುಗಿಸುವಾಗ ಇಬ್ಬರೇ ಉಳೀತಾರೆ: 'ಪರನಾರಿ ಸೋದರ' ಅನ್ನೋ ಬಿರುದಿನ ಒಳ್ಳೇ ಹುಡುಗ, ಕಾಮುಕ ಮಲತಾಯಿ. ನನ್ನ ಅಭಿಪ್ರಾಯ ಬೇರೆ. ಇದರಲ್ಲಿ ಕಡಿಮೆ ಅಂದರೂ ಆರೇಳು ಥರದ ಪ್ರೀತಿ ಇದೆ. ಯಾವುದು ಉಳಿಸ್ತು, ಯಾವುದು ಕೊಂದಿತು ಅಂತ ನೋಡೋದಕ್ಕೆ ನಮ್ಮ ಕನ್ನಡದ ಒಂದೇ ಒಂದು ಮಾತು ಸಾಕು. 'ಕೇಳು'. ನಾವು ಪ್ರಶ್ನೆಯನ್ನೂ ಕೇಳ್ತೀವಿ, ಪಾಡನ್ನೂ ಕೇಳ್ತೀವಿ, ಬೇಕಾದದ್ದನ್ನೂ ಕೇಳ್ತೀವಿ. ಮೂರಕ್ಕೂ ಒಂದೇ ಪದ. ಈ ಆಟದ ಒಬ್ಬೊಬ್ಬರೂ ಅದರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರು.

ಮೊದಲು ರತ್ನಾಜಿ. ಅವಳನ್ನು ಬೈಯೋದು ಸುಲಭ. ಆದರೆ ಅವಳ ಸ್ಥಿತಿ ನೋಡ್ರಿ. ವಯಸ್ಸಿಗೆ ಬಂದ ಮಗ ಇರೋ ರಾಜನಿಗೆ ಕಿರಿಯ ಹೆಂಡತಿಯಾಗಿ ಬಂದವಳು. ಈ ಕಥೆಯ ಕೆಲವು ಪಾಠಗಳಲ್ಲಿ ಅವಳನ್ನು ಮೊದಲು ನೋಡಿದ್ದೇ ರಾಮನಿಗೆ ಅಂತ ಬರುತ್ತೆ, ಆಮೇಲೆ ತಂದೆಯೇ ಮದುವೆಯಾದ ಅಂತ. ಆ ಮದುವೆಯಲ್ಲಿ ಅವಳ ಇಷ್ಟ ಏನು ಅಂತ ಕೇಳಿದವರು ಯಾರೂ ಇಲ್ಲ. ಹಾಗಾಗಿ ಅವಳಿಗೆ ಆಸೆ ಹುಟ್ಟಿದ್ದೇ ಪಾಪ ಅಂತ ನನಗೆ ಅನ್ನಿಸಲ್ಲ. ಆಸೆ ಹೇಳಿಕೇಳಿ ಬರೋದಲ್ಲ. ಅವಳು ಬಾಯಿಬಿಟ್ಟು ಕೇಳಿದಳು, ಅವನು ಒಲ್ಲೆ ಅಂದ. ಅಲ್ಲಿಗೆ ಮುಗಿಸಿದ್ದರೆ ಅದು ಒಂದು ದುಃಖದ ಕಥೆಯಾಗಿ ನಿಲ್ತಿತ್ತು, ಯಾರೂ ಸಾಯ್ತಿರಲಿಲ್ಲ. ಅವಳ ತಪ್ಪು ಶುರುವಾಗೋದು 'ಒಲ್ಲೆ' ಅನ್ನೋದನ್ನ ಕೇಳಿಸಿಕೊಳ್ಳದೇ ಇದ್ದಲ್ಲಿ. ನನಗೆ ಸಿಗದಿದ್ದರೆ ಅವನು ಇರಲೇಬಾರದು ಅನ್ನೋ ಹೊತ್ತಿಗೆ ಅದು ಪ್ರೀತಿಯಾಗಿ ಉಳಿದಿರಲಿಲ್ಲ, ಸೇಡಾಗಿತ್ತು.

ಇದನ್ನು ಹೆಣ್ಣಿನ ಬುದ್ಧಿ ಅನ್ನೋರು ಸ್ವಲ್ಪ ತಡೀರಿ. ಒಲ್ಲೆ ಅಂದವಳ ಫೋಟೋ, ಚಾಟ್‌ಗಳ ಸ್ಕ್ರೀನ್‌ಶಾಟ್‌ ಗ್ರೂಪಿಗೆ ಹಾಕೋ ಹುಡುಗ ಮಾಡೋದು ಕೂಡ ರತ್ನಾಜಿ ಮಾಡಿದ್ದನ್ನೇ. ಅವನಿಗೆ ಅರಮನೆ ಇಲ್ಲ, ವಾಟ್ಸಾಪ್ ಇದೆ, ಅಷ್ಟೇ ಫರಕು.

ಇನ್ನು ಕಂಪಿಲರಾಯ. ನನ್ನ ಪ್ರಕಾರ ಈ ದುರಂತದ ತಿರುವು ಇರೋದು ಇಲ್ಲಿ. ಅವನಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರೂ ಹೇಳಲ್ಲ. ಹೆಂಡತಿ ಮೇಲೂ ಇತ್ತು. ಎರಡೂ ಪ್ರೀತಿ ಎದುರಾಬದುರಾ ನಿಂತಾಗ ಅವನು ಒಬ್ಬಳ ಮಾತು ಕೇಳಿದ, ಇನ್ನೊಬ್ಬನನ್ನ ಏನೂ ಕೇಳಲಿಲ್ಲ. ಗಂಡನೂ ಅವನೇ, ತಂದೆಯೂ ಅವನೇ, ನ್ಯಾಯ ಹೇಳೋನೂ ಅವನೇ. ಮೂರೂ ಕುರ್ಚಿಯಲ್ಲಿ ಒಬ್ಬನೇ ಕುಂತರೆ ವಿಚಾರಣೆ ಅನ್ನೋದಕ್ಕೆ ಜಾಗ ಎಲ್ಲಿ?

ಈ ಕಥೆ ನಮ್ಮ ಗುಡ್ಡದ್ದಷ್ಟೇ ಅಲ್ಲ. ಗಂಗಾವತಿ ಬದಿಯ ಕ್ಯಾಂಪ್‌ಗಳ ತೆಲುಗು ಗೆಳೆಯರನ್ನು ಕೇಳಿ ನೋಡ್ರಿ, ಅವರ ಮನೆಯ ಹಿರಿಯರಿಗೆ ಸಾರಂಗಧರನ ಕಥೆ ಗೊತ್ತಿರುತ್ತೆ. ಅಲ್ಲಿ ಮಲತಾಯಿಯ ಹೆಸರು ಚಿತ್ರಾಂಗಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ ಇದೆಯಲ್ಲ, ಆ ಅಶೋಕನ ಮನೆಯಲ್ಲೂ ಇದೇ ಆಯ್ತು ಅಂತ ಬೌದ್ಧ ಕಥೆಗಳು ಹೇಳ್ತಾವೆ. ರಾಣಿ ತಿಷ್ಯರಕ್ಷಿತೆ ಕುಣಾಲನನ್ನು ಬಯಸಿದಳು, ಅವನು ಒಪ್ಪಲಿಲ್ಲ. ರಾಜನ ಮುದ್ರೆ ಒತ್ತಿದ ಪತ್ರ ಕಳಿಸಿ ಅವನ ಕಣ್ಣು ಕೀಳಿಸಿದಳು. ಗ್ರೀಸ್‌ನಲ್ಲಿ ಯೂರಿಪಿಡೀಸ್ ಕ್ರಿಸ್ತಪೂರ್ವ 428ರಲ್ಲಿ ಇದೇ ಥರದ ಕಥೆ ಇಟ್ಟುಕೊಂಡು 'ಹಿಪ್ಪೊಲಿಟಸ್' ನಾಟಕ ಆಡಿಸಿದ. ಅದರಲ್ಲಿ ಮಲತಾಯಿ ಫೀಡ್ರಾ ತನ್ನ ಆಸೆಗೆ ತಾನೇ ನಾಚಿ, ಹೇಳದೇ ಸಾಯೋಣ ಅಂತ ಇರ್ತಾಳೆ. ಅವಳ ದಾದಿ ಹೋಗಿ ಹೇಳಿಬಿಡ್ತಾಳೆ. ಫೀಡ್ರಾ ಸುಳ್ಳು ಓಲೆ ಬರೆದಿಟ್ಟು ನೇಣು ಹಾಕಿಕೊಳ್ತಾಳೆ. ಗಂಡ ಥೀಸಿಯಸ್ ಓಲೆ ಓದ್ತಾನೆ. ಮಗ ಎದುರಿಗೇ ನಿಂತು ನಾನು ಮಾಡಿಲ್ಲ ಅಂತ ಬೇಡಿಕೊಂಡರೂ, ಕಾದು ವಿಚಾರಿಸಿ ನೋಡು ಅಂದರೂ ಶಾಪ ಹಿಂದಕ್ಕೆ ತಗೊಳ್ಳಲ್ಲ. ಸಮುದ್ರದಿಂದ ಎದ್ದ ಗೂಳಿಗೆ ಬೆದರಿದ ಕುದುರೆಗಳು ಹುಡುಗನನ್ನು ಎಳೆದಾಡಿ ಕೊಲ್ತಾವೆ. ಸತ್ಯ ಗೊತ್ತಾಗೋ ಹೊತ್ತಿಗೆ ಅವನಿಗೆ ಕೊನೇ ಉಸಿರು. ಆದರೂ ಅವನು ಅಪ್ಪನನ್ನು ಕ್ಷಮಿಸಿ ಸಾಯ್ತಾನೆ.

ಗ್ರೀಸ್‌ಗೂ ಕುಮ್ಮಟಕ್ಕೂ ನಡುವೆ ಎಷ್ಟು ದೂರ! ಆದರೂ ಎರಡೂ ಕಡೆ ತಂದೆಗೆ ಬೇಕಾಗಿದ್ದು ಒಂದು ದಿನದ ತಾಳ್ಮೆ. ಗ್ರೀಸ್‌ನ ಕಥೆಯಲ್ಲಿ ಆ ಒಂದು ದಿನ ಕೊಡೋರು ಯಾರೂ ಇರಲಿಲ್ಲ. ನಮ್ಮ ಕಥೆಯಲ್ಲಿ ಇದ್ದ. ಅವನೇ ಬೈಚಪ್ಪ.

ನನಗೆ ಈ ಆಟದ ದೊಡ್ಡ ಪಾತ್ರ ಅಂದರೆ ಬೈಚಪ್ಪನೇ. ಅಟ್ಟದ ಮೇಲೆ ಅವನಿಗೆ ಕುಣಿತ ಕಡಿಮೆ, ಸೀಟಿ ಅಂತೂ ಇಲ್ಲವೇ ಇಲ್ಲ. ಅವನು ರಾಮನ ರಕ್ತಸಂಬಂಧಿ ಅಲ್ಲ, ಗೆಳೆಯನೂ ಅಲ್ಲ, ಸಂಬಳದ ಮಂತ್ರಿ. ಅಪ್ಪಣೆ ಬಂದಾಗ ಎದುರು ವಾದ ಮಾಡಿದರೆ ಆ ಕೆಲಸ ಬೇರೆಯವರ ಕೈಗೆ ಹೋಗುತ್ತೆ, ಹುಡುಗ ಸಾಯ್ತಾನೆ. ಹೂಂ ಅಂದು ಮಾಡಿದರೂ ಸಾಯ್ತಾನೆ. ಅವನು ಹೂಂ ಅಂದ, ಮಾಡಲಿಲ್ಲ. ಗೊತ್ತಾದರೆ ತನ್ನ ತಲೆಯೇ ಹೋಗುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. ರಾಜನ ಮೇಲೂ ಅವನಿಗೆ ನಿಷ್ಠೆ ಇತ್ತು. ಸಿಟ್ಟಿನಾಗ ಮಾಡಿದ್ದಕ್ಕೆ ರಾಜ ನಾಳೆ ಅಳ್ತಾನೆ ಅಂತ ಗೊತ್ತಿದ್ದೇ ಅವನನ್ನು ಮಗಹತ್ಯೆಯಿಂದ ತಪ್ಪಿಸಿದ. ಪ್ರೀತಿ ಅಂತ ಬಾಯಿಬಿಟ್ಟು ಒಮ್ಮೆಯೂ ಹೇಳದ ಒಂದು ಪ್ರೀತಿ ಅಂದರೆ ಇದು.

ತಾಯಿ ಹರಿಯಲದೇವಿಯ ಪ್ರೀತಿಗೆ ಕಣ್ಣೀರಿದೆ, ಅಧಿಕಾರ ಇಲ್ಲ. ಮಗ ಎಂಥವನು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ಆ ಆಸ್ಥಾನದಲ್ಲಿ ಅವಳ ಮಾತು ಯಾರೂ ಕೇಳೋದಿಲ್ಲ. ಅವಳ ಪಾತ್ರ ಹಾಡುವಾಗ ನಮ್ಮ ಸುತ್ತ ಕುಂತಿದ್ದ ಹೆಣ್ಣುಮಕ್ಕಳೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರಿಗೆ ಆ ಸಂಕಟ ಹೊಸದಲ್ಲ ಅನ್ಸುತ್ತೆ.

ಕಾಟಣ್ಣನದು ಜೊತೆಗಾರನ ಪ್ರೀತಿ. ರಾಮ ಎಲ್ಲಿಗೆ ಹೋದರೂ ಅವನು ಇರ್ತಾನೆ. ಯಾಕೆ ಏನು ಅಂತ ಕೇಳಲ್ಲ. ಇಲ್ಲಿ ಮಾತ್ರ ಕೇಳದೇ ಇರೋದು ಗುಣವಾಗಿ ಕಾಣುತ್ತೆ. ನಮ್ಮಲ್ಲೂ ರಾತ್ರಿ ಎರಡಕ್ಕೆ ಫೋನ್ ಮಾಡಿ 'ಬಾರಲೇ' ಅಂದರೆ ಯಾಕೆ ಅನ್ನದೇ ಬೈಕ್ ತೆಗೆಯೋ ದೋಸ್ತ್ ಒಬ್ಬ ಇರ್ತಾನೆ. ಅವನಿಗೆ ಒಂದು ಕಿವಿಮಾತು: ನಿನ್ನ ದೋಸ್ತ್ ರತ್ನಾಜಿಯ ದಾರಿ ಹಿಡಿದಾಗಲೂ ಕೇಳದೇ ಜೊತೆಗೆ ಹೋಗಬ್ಯಾಡ.

ರಾಮನ ಬಗ್ಗೆ ಏನು ಹೇಳೋದು? ಅವನ ಸಂಯಮ ದೊಡ್ಡದು, ಒಪ್ಪಿಕೊಳ್ತೀನಿ. ಆದರೆ ನಾನು ನೋಡಿದ ಆಟದಲ್ಲಿ ಅವನು ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ತಂದೆಯ ಅಪ್ಪಣೆ ಅಂದ, ತಲೆ ತಗ್ಗಿಸಿದ. ಇದನ್ನು ಪಿತೃಭಕ್ತಿ ಅಂತ ಹೊಗಳ್ತಾರೆ. ನನಗೆ ಅಷ್ಟು ಸಮಾಧಾನ ಆಗಲಿಲ್ಲ. ತಪ್ಪು ಮಾಡಲು ಹೊರಟ ತಂದೆಯನ್ನು ತಡೆಯೋದು ಕೂಡ ಮಗನ ಪ್ರೀತಿಯೇ. ಹಿಪ್ಪೊಲಿಟಸ್ ಕೊಟ್ಟ ಆಣೆಯಿಂದ ಕಟ್ಟುಬಿದ್ದು ಪೂರ್ತಿ ನಿಜ ಹೇಳಲಾರ, ಆದರೂ ವಾದ ಮಾಡ್ತಾನೆ. ನಮ್ಮ ರಾಮ ಸುಮ್ಮನಿದ್ದ. ಆ ಸುಮ್ಮನಿರೋದನ್ನೇ ನಾವು ಏಳುನೂರು ವರ್ಷದಿಂದ ಮಕ್ಕಳಿಗೆ ಗುಣ ಅಂತ ಕಲಿಸ್ತಾ ಬಂದಿದ್ದೀವೇನೋ ಅನ್ನೋ ಅನುಮಾನ ನನಗೆ.

ಇನ್ನೊಬ್ಬಳನ್ನ ಮರೆತೇ ಬಿಡ್ತಾರೆ. ಕಾವ್ಯದಲ್ಲಿ ದಿಲ್ಲಿ ಸುಲ್ತಾನನ ಮಗಳು ಬಾಬಮ್ಮ ಅಂತ ಬರ್ತಾಳೆ. ರಾಮನನ್ನು ಒಮ್ಮೆಯೂ ಭೇಟಿ ಆದವಳಲ್ಲ. ಅವನ ಶೌರ್ಯದ ಸುದ್ದಿ ಕೇಳಿಯೇ ಮನಸೋತವಳು. ಇನ್‌ಸ್ಟಾದಲ್ಲಿ ಫೋಟೋ ನೋಡಿ ರಾತ್ರಿಯಿಡೀ ನಿದ್ದೆಗೆಡೋರಿಗೆ ಈಕೆ ಹಿರಿಯಕ್ಕ. ಅವಳ ಪ್ರೀತಿ ಸುಳ್ಳು ಅನ್ನಲಾರೆ. ಆದರೆ ಅದು ತನ್ನ ಮನಸ್ಸಿನೊಳಗಿನ ರಾಮನ ಮೇಲಿನ ಪ್ರೀತಿ. ಕುಮ್ಮಟದ ರಾಮನಿಗೆ ಅದು ಬೇಕಿತ್ತೋ ಇಲ್ಲವೋ, ಕೇಳೋ ದಾರಿಯೇ ಇರಲಿಲ್ಲ. ಆ ಪ್ರೀತಿ ಕುಮ್ಮಟಕ್ಕೆ ಬಂದಿದ್ದು ದಂಡಿನ ರೂಪದಲ್ಲಿ.

ಇತಿಹಾಸದಲ್ಲಿ ಯುದ್ಧಕ್ಕೆ ಸಿಗೋ ಕಾರಣ ಬೇರೆ, ಅದನ್ನೂ ಹೇಳಲೇಬೇಕು. ಮುಹಮ್ಮದ್ ಬಿನ್ ತುಘಲಕ್‌ನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿ ಆಗಿದ್ದವನು, ಸುಲ್ತಾನನ ವಿರುದ್ಧ ತಿರುಗಿ ಬಿದ್ದ. ಸೋತು ಓಡಿ ಬಂದು ಕಂಪಿಲರಾಯನ ಆಸರೆ ಕೇಳಿದ. ಕಂಪಿಲರಾಯ ಕೊಟ್ಟ. ಒಪ್ಪಿಸು ಅಂತ ದಿಲ್ಲಿಯ ದಂಡು ಬಂತು, ಒಪ್ಪಿಸಲಿಲ್ಲ. ಉಳಿಯೋದಿಲ್ಲ ಅಂತ ಗೊತ್ತಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಕಡೆ ದಾಟಿಸಿ, ಕೋಟೆಯ ಹೆಣ್ಣುಮಕ್ಕಳು ಬೆಂಕಿಗೆ ಬಿದ್ದ ಮೇಲೆ, ತಾನು ಹೊರಗೆ ಬಂದು ಕಾದಾಡಿ ಸತ್ತ. ಸುಮಾರು 1327ರ ಮಾತು ಇದು. ಕೆಲವು ವರ್ಷಗಳ ನಂತರ ದಿಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು ಮೆಚ್ಚುಗೆಯಿಂದಲೇ ಬರೆದಿದ್ದಾನೆ. ಬಲ್ಲಾಳ ಮಾತ್ರ ಆ ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟ.

ವಿಚಿತ್ರ ನೋಡ್ರಿ. ಬೇರೆ ಧರ್ಮದ, ಬೇರೆ ಭಾಷೆಯ, ಮೊನ್ನೆ ಬಂದ ಒಬ್ಬ ಅತಿಥಿಗೆ ರಾಜ್ಯವನ್ನೇ ಕಳೆದುಕೊಂಡ ಇದೇ ರಾಜ, ಕಥೆಯೊಳಗೆ ಸ್ವಂತ ಮಗನಿಗೆ ಒಂದು ಪ್ರಶ್ನೆ ಕೇಳೋವಷ್ಟು ಹೊತ್ತು ಕೊಡಲಿಲ್ಲ. ಅತಿಥಿಯ ಪಾಡು ಕೂರಿಸಿಕೊಂಡು ಕೇಳ್ತೀವಿ. ಮಗನ ಪಾಡು ನಮಗೆ ಗೊತ್ತೇ ಇದೆ ಅಂದುಕೊಳ್ತೀವಿ. ಹತ್ತಿರದವರನ್ನ ಕೇಳಬೇಕು ಅಂತಲೇ ನಮಗೆ ಹೊಳೆಯಲ್ಲ.

ಇದು ಬರೀ ಹಳೇ ಕಥೆ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಪಿಯುಸಿಯಲ್ಲಿ ನಮ್ಮ ಕ್ಲಾಸಿನಲ್ಲಿ ಯಲಬುರ್ಗಾ ಕಡೆಯ ಒಬ್ಬ ಹುಡುಗಿ ಇದ್ದಳು. ಇಂಟಿಗ್ರೇಷನ್ ಲೆಕ್ಕಗಳು ನನ್ನ ತಲೆಗೆ ಹತ್ತಿದ್ದು ಅವಳು ಹೇಳಿಕೊಟ್ಟ ಮೇಲೆ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಒಬ್ಬ ಹುಡುಗನ ಜೊತೆ ಮಾತಾಡ್ತಾ ನಿಂತಿದ್ದಳು ಅಂತ ಯಾರೋ ಅವಳ ಅಪ್ಪನಿಗೆ ಹೇಳಿದರು. ಮರುದಿನದಿಂದ ಅವಳು ಬರಲಿಲ್ಲ. ಆ ಹುಡುಗ ಕೇಳಿದ್ದು ನೋಟ್ಸ್ ಅಂತ ನಮಗೆಲ್ಲ ಗೊತ್ತಿತ್ತು. ನಾವೂ ಹೋಗಿ ಹೇಳಲಿಲ್ಲ, ಅದು ನಮ್ಮ ತಪ್ಪು. ಅವಳ ಅಪ್ಪ ಕೆಟ್ಟವರಲ್ಲ. ಮಳೆ ಬಂದರೆ ಸೈಕಲ್ ಬೇಡ ಅಂತ ತಾವೇ ಬಂದು ಕರ್ಕೊಂಡು ಹೋಗ್ತಿದ್ದವರು. ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರು ಅಂತ ಎಲ್ಲರೂ ಹೇಳಿದರು. ನಾನೂ ನಂಬ್ತೀನಿ. ಕಂಪಿಲರಾಯನೂ ಪ್ರೀತಿ ಇಲ್ಲದವನಾಗಿರಲಿಲ್ಲ.

ನೋಟ್ಸ್ ಕೇಳದೇ ಅವರಿಬ್ಬರು ನಿಜಕ್ಕೂ ಪ್ರೀತಿಯನ್ನೇ ಮಾತಾಡಿದ್ದರೂ ನನ್ನ ಮಾತು ಬದಲಾಗಲ್ಲ. ಆಗಲೂ ಅವಳನ್ನು ಕೂರಿಸಿಕೊಂಡು ಒಂದು ಮಾತು ಕೇಳಬಹುದಿತ್ತು.

ನನ್ನ ತಮ್ಮ ಅಂದಿದ್ದಕ್ಕೆ ಉತ್ತರ ಕೊಡದೇ ಮುಗಿಸಲಾರೆ. ಈ ಥರದ ಕಥೆಗಳನ್ನು ಹಿಡಿದುಕೊಂಡು, ಹುಡುಗಿಯರು ಕೊಡೋ ದೂರೆಲ್ಲ ಸುಳ್ಳು ಅನ್ನೋರು ನಮ್ಮ ಕ್ಯಾಂಪಸ್ಸಿನಲ್ಲೂ ಇದ್ದಾರೆ. ಅದು ಕಂಪಿಲರಾಯನ ತಪ್ಪನ್ನೇ ಇನ್ನೊಂದು ಕಡೆಯಿಂದ ಮಾಡಿದಂಗ. ಅವನು ಕೇಳದೇ ನಂಬಿದ, ಇವರು ಕೇಳದೇ ಅಲ್ಲಗಳೀತಾರೆ. ದೂರು ಕೊಟ್ಟವಳ ಮಾತನ್ನ ಪೂರ್ತಿ ಕೇಳಬೇಕು, ಗೌರವದಿಂದ ಕೇಳಬೇಕು. ಆಮೇಲೆ ಎದುರಿನವನ ಮಾತನ್ನೂ ಕೇಳಬೇಕು. 2013ರ ಕಾನೂನು ಬಂದ ಮೇಲೆ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರೋದು ಇದಕ್ಕೇ. ಗಂಡ, ತಂದೆ, ಗೆಳೆಯ ಯಾರೂ ಆ ಕುರ್ಚಿಯಲ್ಲಿ ಕೂರಬಾರದು ಅನ್ನೋದು ಅದರ ಹಿಂದಿನ ಲೆಕ್ಕ. ನೋಟಿಸ್ ಬೋರ್ಡಿನಲ್ಲಿ ಅದರ ಸದಸ್ಯರ ಹೆಸರು, ನಂಬರ್ ಹಾಕಿರ್ತಾರೆ. ನಮ್ಮಲ್ಲಿ ಎಷ್ಟು ಮಂದಿ ನಿಂತು ಓದಿದ್ದೀವಿ?

ಪ್ರೀತಿ ಎಷ್ಟು ಥರ ಅಂತ ನೆಟ್‌ನಲ್ಲಿ ಹುಡುಕಿದರೆ ಗ್ರೀಕ್ ಪದಗಳ ಪಟ್ಟಿ ಸಿಗುತ್ತೆ. ಪರೀಕ್ಷೆಗೆ ಅದು ಸಾಕು. ನನಗೆ ಕುಮಾರರಾಮನ ಆಟ ಹೇಳಿದ್ದು ಎರಡೇ ಥರ. ಕೇಳೋ ಪ್ರೀತಿ, ಕೇಳದ ಪ್ರೀತಿ. ಒಲ್ಲೆ ಅಂದಾಗ ಕೇಳಿಸಿಕೊಳ್ಳೋದು, ದೂರು ಬಂದಾಗ ಎರಡೂ ಕಡೆ ಕೇಳೋದು, ಮನೆಯವರು ತಪ್ಪು ಮಾಡಲು ಹೊರಟಾಗ ಯಾಕೆ ಅಂತ ಕೇಳೋದು. ಇದರಲ್ಲಿ ಯಾವುದೂ ಕವಿತೆಯಷ್ಟು ಚೆಂದ ಇಲ್ಲ. ಆದರೆ ಕುಮ್ಮಟದಲ್ಲಿ ರಾಮನ ತಲೆ ಆ ರಾತ್ರಿ ಉಳಿದದ್ದು ಇಂಥ ಒಂದು ಬೇಸರದ, ಸದ್ದಿಲ್ಲದ ಪ್ರೀತಿಯಿಂದ.

ಬೆಳಿಗ್ಗೆ ಆಟ ಮುಗಿದಾಗ ಆರಾಗಿತ್ತು. ಮಾವ ಬಣ್ಣ ತೊಳಕೊಂಡು ಚಹಾ ಕುಡಿಯೋಕೆ ಬಂದ. ಮುತ್ಯಾ ಅವನಿಗೂ ಅದೇ ಅಂದ: "ಲೇ, ಮುಂದಿನ ಸಲನಾದ್ರೂ ಮಗನ್ನ ಒಂದು ಮಾತು ಕೇಳಲೇ." ಮಾವ ನಕ್ಕ. "ಕೇಳಿದ್ರ ಆಟ ಅಲ್ಲಿಗೇ ಮುಗೀತೈತಿ ಯಪ್ಪಾ" ಅಂದ.

ಹೌದಲ್ಲ. ಆಟಕ್ಕೆ ಅದು ನಷ್ಟ. ಮನೆಗೆ ಅಲ್ಲ.